ಗಾಂಧಿ ಕ್ಲಾಸಿನಿಂದ: ಶೋ ಮುಗಿದರೂ ಎದ್ದು ಬರಲಾಗದ ಗೆಳೆಯ

ನಮ್ಮ ಸಿನಿಮಾದಲ್ಲಿ ಹುಚ್ಚ ಅಂದರೆ ಹೇಗಿರ್ತಾನೆ, ಹೇಳಿ ನೋಡೋಣ? ಕೆದರಿದ ತಲೆ, ಹರಿದ ಅಂಗಿ, ಕೈಯಲ್ಲೊಂದು ತಗಡಿನ ಡಬ್ಬ. ಸುಮ್ಮಸುಮ್ಮನೆ ಕಿಸಕ್ಕನೆ ನಗ್ತಾನೆ. ಹಿನ್ನೆಲೆಯಲ್ಲಿ ಟೊಂಯ್ ಟೊಂಯ್ ಅಂತ ಮ್ಯೂಸಿಕ್ಕು. ಕಾಮೆಡಿ ನಟ ಬಂದು ತಲೆಗೊಂದು ಬಿಟ್ಟರೆ ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ! ಹೀರೋಗೇ ಹುಚ್ಚು ಹಿಡಿಯಿತು ಅನ್ನಿ, ಕಾರಣ ಎರಡೇ. ಹುಡುಗಿ ಕೈ ಕೊಟ್ಟಿರಬೇಕು, ಇಲ್ಲವೇ ವಿಲನ್ ಕಡೆಯವರು ತಲೆಗೆ ಹೊಡೆದಿರಬೇಕು. ಗುಣವಾಗೋದಕ್ಕೆ ದಾರಿ ಒಂದೇ. ಕ್ಲೈಮ್ಯಾಕ್ಸಿನಲ್ಲಿ ಅದೇ ತಲೆಗೆ ಇನ್ನೊಂದು ಏಟು!

ಮೊನ್ನೆ ಭದ್ರಾವತಿಯಿಂದ ಓದುಗರೊಬ್ಬರು ಬರೆದಿದ್ದಾರೆ. "ಅಣ್ಣಾ, ನನ್ನ ತಮ್ಮ ಒಬ್ಬನೇ ಮಾತಾಡ್ಕೋತಾನೆ. ಬೀದಿ ಹುಡುಗರು ಸೈಕೋ ಅಂತ ರೇಗಿಸ್ತಾರೆ. ಸೈಕೋ ಅಂದ್ರೆ ಕೊಲೆ ಮಾಡೋನು ಅಲ್ವಾ? ಇವನು ಇರುವೇನೂ ಕೊಲ್ಲೋನಲ್ಲ." ಅಷ್ಟೇ ಪತ್ರ. ಅದರಲ್ಲಿ ಸಿನಿಮಾ ವಿಷಯ ಒಂದಕ್ಷರವೂ ಇಲ್ಲ. ಆದರೂ ಸಿನಿಮಾ ಪತ್ರಿಕೆಗೇ ಬರೆದಿದ್ದಾರೆ. ಬೇರೆ ಯಾರನ್ನು ಕೇಳಬೇಕು ಅಂತ ತೋಚಿಲ್ಲ, ಪಾಪ.

ಹಾಗಾಗಿ ಈ ವಾರ ಗಾಂಧಿನಗರದ ಸುದ್ದಿ ಪಕ್ಕಕ್ಕಿರಲಿ. ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು, ಡಾಕ್ಟರಲ್ಲ. ಓದಿ, ಬಲ್ಲವರನ್ನು ಕೇಳಿ, ಕಣ್ಣಾರೆ ಕಂಡು ತಿಳಿದದ್ದನ್ನು ನಮ್ಮ ನಿಮ್ಮ ಭಾಷೆಯಲ್ಲಿ ಹೇಳ್ತೀನಿ. ಒಂದು ಅರ್ಧ ಟೀ ಕುಡಿಯೋಷ್ಟು ಹೊತ್ತು ಕೊಡಿ.

ಸೈಕೋ ಬೇರೆ, ಸೈಕೋಸಿಸ್ ಬೇರೆ

ಹಿಚ್‌ಕಾಕ್ 1960ರಲ್ಲಿ 'ಸೈಕೋ' ಅನ್ನೋ ಚಿತ್ರ ತೆಗೆದ. ಅವತ್ತಿನಿಂದ ಆ ಮಾತು ಚಾಕು ಹಿಡಿದ ಕೊಲೆಗಾರನಿಗೆ ಅಂಟಿಕೊಂಡುಬಿಟ್ಟಿತು. ಡಾಕ್ಟರುಗಳು ಹೇಳುವ 'ಸೈಕೋಸಿಸ್' ಬೇರೆಯೇ ಸಂಗತಿ. ಅದು ಜ್ವರ ಇದ್ದ ಹಾಗೆ. ಜ್ವರ ಮಲೇರಿಯಾದಿಂದಲೂ ಬರುತ್ತೆ, ಟೈಫಾಯ್ಡಿನಿಂದಲೂ ಬರುತ್ತೆ. ಹಾಗೇ ಸೈಕೋಸಿಸ್ಸೂ ಸ್ಕಿಜೋಫ್ರೇನಿಯಾ ಅನ್ನೋ ಕಾಯಿಲೆಯಲ್ಲಿ ಬರಬಹುದು. ಮನಸ್ಸು ಒಮ್ಮೆ ಆಕಾಶಕ್ಕೇರಿ ಒಮ್ಮೆ ಪಾತಾಳಕ್ಕಿಳಿಯುವ ಬೈಪೋಲಾರ್ ಕಾಯಿಲೆಯಲ್ಲಿ ಬರಬಹುದು. ಹೆರಿಗೆಯಾದ ಹೊಸದರಲ್ಲಿ, ಗಾಂಜಾ ಸೇದಿ, ವಿಪರೀತ ಕುಡಿತದಿಂದ, ಮೆದುಳಿಗೆ ಸೋಂಕು ತಗುಲಿ ಕೂಡ ಬರಬಹುದು. ಕಾರಣ ಯಾವುದೇ ಇರಲಿ, ಆಗುವುದು ಒಂದೇ. ಯಾವುದು ನಿಜ, ಯಾವುದು ತನ್ನ ಮನಸ್ಸೇ ಹುಟ್ಟಿಸಿದ್ದು ಅನ್ನೋ ಗೆರೆ ಅಳಿಸಿ ಹೋಗುತ್ತೆ.

ನಮ್ಮ ಲೆಕ್ಕದಲ್ಲೇ ಹೇಳ್ತೀನಿ. ಪರದೆ ಮೇಲೆ ಅಣ್ಣಾವ್ರು ಅತ್ತರೆ ನಾವೂ ಅಳ್ತೀವಿ. ಹೀರೋ ಬೆರಳು ತೋರಿಸಿ ಡೈಲಾಗ್ ಹೊಡೆದರೆ ನನಗೇ ಹೇಳಿದ ಅನ್ಸುತ್ತೆ. ಅದು ಅಭಿಮಾನ. ಲೈಟು ಹತ್ತಿದ ಕೂಡಲೇ ಕಣ್ಣೊರೆಸಿಕೊಂಡು ಹೊರಗೆ ಬಂದು ಸ್ಟ್ಯಾಂಡಿನಲ್ಲಿ ಗಾಡಿ ಹುಡುಕ್ತೀವಿ. ಸೈಕೋಸಿಸ್ಸಿಗೆ ಸಿಕ್ಕಿಕೊಂಡವನಿಗೆ ಆ ಲೈಟು ಹತ್ತೋದೇ ಇಲ್ಲ. ಸಿನಿಮಾ ಬೀದಿಯಲ್ಲೂ ಓಡುತ್ತೆ, ಮನೆಯಲ್ಲೂ ಓಡುತ್ತೆ. ಪ್ರತಿಯೊಂದು ಡೈಲಾಗೂ ಅವನ ಮೇಲೇ. ಎದ್ದು ಹೊರಗೆ ಬರೋಕೆ ಬಾಗಿಲು ಎಲ್ಲಿದೆ ಅಂತ ಅವನಿಗೆ ಕಾಣ್ತಾ ಇಲ್ಲ.

ಪೇಪರ್ ಟೌನಿನ ಹುಡುಗ

ನನಗೊಬ್ಬ ಗೆಳೆಯ, ಭದ್ರಾವತಿ ಪೇಪರ್ ಟೌನಿನವನು. ಹೆಸರು ಬೇಡ. 2017, 'ರಾಜಕುಮಾರ' ಓಡುತ್ತಿದ್ದ ಕಾಲ. ಅವನಿಗೆ ಇಪ್ಪತ್ತರ ಪ್ರಾಯ. ಕಟೌಟಿಗೆ ಹಾರ ಹಾಕೋಕೆ ಮೊದಲು ಏಣಿ ಹತ್ತುತ್ತಿದ್ದವನು ಅವನೇ. ಫಸ್ಟ್ ಡೇ ಫಸ್ಟ್ ಶೋ ಅಂದರೆ ಬೆಳಗ್ಗೆ ಐದಕ್ಕೇ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದು ನಿಲ್ತಿದ್ದ.

ಅಂಥವನು ಮೆಲ್ಲಗೆ ಬರೋದು ಬಿಟ್ಟ. ಫೋನ್ ಎತ್ತಲ್ಲ. ಮೂರು ನಾಲ್ಕು ದಿನಕ್ಕೊಂದು ಸ್ನಾನ. ರಾತ್ರಿಯೆಲ್ಲ ಎದ್ದಿರ್ತಾನೆ, ಹಗಲು ಮುಸುಕು ಹಾಕ್ಕೊಂಡು ಮಲಗಿರ್ತಾನೆ. ಸಿಕ್ಕಾಗ ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುತ್ತೆ. ಆಮೇಲೆ ಟಿವಿಗೆ ಟವೆಲ್ ಮುಚ್ಚಿದ, ಅದರೊಳಗಿಂದ ಯಾರೋ ನೋಡ್ತಾರಂತೆ. ಸಿನಿಮಾದಲ್ಲಿ ಹೀರೋ ಕಾಲರ್ ಸರಿ ಮಾಡ್ಕೊಂಡಿದ್ದು ತನಗೆ ಕೊಟ್ಟ ಸನ್ನೆಯಂತೆ. ಒಂದು ಸಂಜೆ ಭದ್ರಾ ಸೇತುವೆ ಮೇಲೆ ನಿಂತು ನನ್ನ ಕೈ ಹಿಡ್ಕೊಂಡ. "ಕೇಳಿಸ್ತಿದೆಯಾ ಮಗಾ? ನನ್ನ ಹೆಸರು ಹಿಡಿದು ಬೈತಿದಾರೆ." ನನಗೆ ನೀರಿನ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಆದರೆ ಅವನ ಕೈ ನಡುಗುತ್ತಿತ್ತು. ಆ ನಡುಕ ನಟನೆಯಲ್ಲ.

ಅವರಪ್ಪ, "ಕೆಲಸ ಕಾರ್ಯ ಇಲ್ಲದೆ ಸೋಮಾರಿ ಬಿದ್ದಿದಾನೆ" ಅಂದರು. ಅಮ್ಮ, "ಯಾರದೋ ಕಣ್ಣು ಬಿದ್ದಿದೆ" ಅಂದರು. ಬೀದಿಯವರು, "ಲವ್ ಫೇಲ್ಯೂರ್ ಇರ್ಬೇಕು ಬಿಡಿ" ಅಂದರು. ತಾಯತ ಕಟ್ಟಿಸಿದ್ದಾಯಿತು, ಬೂದಿ ಹಚ್ಚಿಸಿದ್ದಾಯಿತು. ಹೀಗೆ ಎಂಟು ತಿಂಗಳು ಹೋಯಿತು. ಡಾಕ್ಟರ ಹತ್ತಿರ ಹೋಗಿದ್ದು ಆಮೇಲೆ.

ಗುರುತು ಹಿಡಿಯೋದು ಹೇಗೆ?

ಒಂದು, ಧ್ವನಿ. ಯಾರೂ ಇಲ್ಲದಿದ್ದರೂ ಮಾತು ಕೇಳಿಸುತ್ತೆ. ಬೈಯೋದು, ಅಣಕಿಸೋದು, "ಹಾಗೆ ಮಾಡು, ಹೀಗೆ ಮಾಡು" ಅಂತ ಆಜ್ಞೆ ಮಾಡೋದು. ಇದು ಮನಸ್ಸಿನಲ್ಲಿ ಅಂದುಕೊಳ್ಳೋದಲ್ಲ, ಪಕ್ಕದಲ್ಲಿ ನಿಂತವರು ಮಾತಾಡಿದ ಹಾಗೆ ಕಿವಿಗೇ ಕೇಳೋದು. ಅಂಥ ಹೊತ್ತಿನಲ್ಲಿ ಮೆದುಳಿನ ಚಿತ್ರ ತೆಗೆದು ನೋಡಿದ್ದಾರೆ. ಮಾತಿಗೆ ಸಂಬಂಧಪಟ್ಟ ಭಾಗಗಳು ನಿಜಕ್ಕೂ ಚುರುಕಾಗಿರುತ್ತವೆ. ಅಂದರೆ ಅವನು ಸುಳ್ಳು ಹೇಳ್ತಿಲ್ಲ. ಕೆಲವರಿಗೆ ಇಲ್ಲದ್ದು ಕಣ್ಣಿಗೂ ಕಾಣುತ್ತೆ, ಆದರೆ ಧ್ವನಿಯೇ ಹೆಚ್ಚು. ಗಣಿತಜ್ಞ ಜಾನ್ ನ್ಯಾಶ್ ಕಥೆಯ ಇಂಗ್ಲಿಷ್ ಚಿತ್ರ 'ಎ ಬ್ಯೂಟಿಫುಲ್ ಮೈಂಡ್' (2001) ನೋಡಿದ್ದೀರಾ? ಅದರಲ್ಲಿ ಅವನಿಗೆ ಇಲ್ಲದ ಮನುಷ್ಯರು ಕಾಣ್ತಾರೆ. ನಿಜ ಜೀವನದ ನ್ಯಾಶ್‌ಗೆ ಬಂದದ್ದು ಧ್ವನಿಗಳು. ಧ್ವನಿಯನ್ನು ಕ್ಯಾಮೆರಾ ಹಿಡಿಯೋಕಾಗಲ್ಲವಲ್ಲ, ಅದಕ್ಕೇ ಸಿನಿಮಾದವರು ಮನುಷ್ಯರನ್ನು ತಂದು ನಿಲ್ಲಿಸಿದರು. ಇದೇ ನ್ಯಾಶ್‌ಗೆ 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು ಅನ್ನೋದನ್ನೂ ನೆನಪಿಡಿ.

ಎರಡು, ಅಲ್ಲಾಡಿಸಲಾಗದ ತಪ್ಪು ನಂಬಿಕೆ. ಯಾರೋ ಹಿಂಬಾಲಿಸ್ತಾರೆ, ಊಟಕ್ಕೆ ವಿಷ ಹಾಕ್ತಾರೆ, ನಾಯಕಿ ಟಿವಿಯಲ್ಲಿ ನಕ್ಕಿದ್ದು ನನಗೇ ಅನ್ನೋದು. ಎಷ್ಟು ಸಾಕ್ಷಿ ಕೊಟ್ಟರೂ ಬಗ್ಗಲ್ಲ. ಈ ನಂಬಿಕೆಗಳು ಕಾಲಕ್ಕೆ ತಕ್ಕ ವೇಷ ಹಾಕ್ತವೆ. ಹಿಂದೆ ದೆವ್ವ, ಮಾಟ. ಆಮೇಲೆ ರೇಡಿಯೋ. ಈಗ ಮೊಬೈಲು, ಸಿಸಿ ಕ್ಯಾಮೆರಾ. 1998ರಲ್ಲಿ ಬಂದ 'ದಿ ಟ್ರೂಮನ್ ಶೋ' ಚಿತ್ರದಲ್ಲಿ ನಾಯಕನ ಇಡೀ ಬದುಕನ್ನೇ ಅವನಿಗೆ ಗೊತ್ತಿಲ್ಲದ ಹಾಗೆ ಟಿವಿಯಲ್ಲಿ ತೋರಿಸ್ತಿರ್ತಾರೆ. ಆ ಚಿತ್ರ ಬಂದ ಮೇಲೆ, "ನನ್ನ ಬದುಕನ್ನೂ ಯಾರೋ ಶೂಟಿಂಗ್ ಮಾಡ್ತಿದಾರೆ" ಅಂತ ನಂಬಿದ ರೋಗಿಗಳ ಬಗ್ಗೆ ಜೋಯೆಲ್ ಗೋಲ್ಡ್ ಅನ್ನೋ ಅಮೆರಿಕದ ಮನೋವೈದ್ಯರು ಬರೆದಿದ್ದಾರೆ. ಚಿತ್ರದಿಂದ ಕಾಯಿಲೆ ಬಂತು ಅಂತಲ್ಲ. ಬಂದ ಕಾಯಿಲೆ ಆ ಕಥೆಯನ್ನು ಎತ್ತಿಕೊಂಡಿತು, ಅಷ್ಟೇ.

ಮೂರು, ಮಾತಿನ ಎಳೆ ತಪ್ಪೋದು. ರೀಲುಗಳನ್ನು ಹಿಂದೆ ಮುಂದೆ ಮಾಡಿ ಓಡಿಸಿದರೆ ಕಥೆ ಹೇಗಿರುತ್ತೋ ಹಾಗೆ.

ನಾಲ್ಕು, ಒಳಗೆ ಮುದುಡಿಕೊಳ್ಳೋದು. ಮುಖದಲ್ಲಿ ಭಾವನೆ ಇಲ್ಲ, ಗೆಳೆಯರು ಬೇಡ, ಸ್ನಾನ ಬೇಡ, ಕೆಲಸ ಬೇಡ. ಮನೆಯವರು ಸೋಮಾರಿತನ ಅನ್ನೋದು ಇದನ್ನೇ. ಎಷ್ಟೋ ಸಲ ಧ್ವನಿ, ಸಂಶಯ ಎಲ್ಲದಕ್ಕಿಂತ ಮೊದಲು ಶುರುವಾಗೋದೂ ಇದೇ.

ಐದು, ತನಗೆ ಕಾಯಿಲೆ ಇದೆ ಅಂತಲೇ ಗೊತ್ತಾಗದಿರೋದು. ಕಾಲು ಮುರಿದವನು ತಾನೇ ಆಸ್ಪತ್ರೆಗೆ ಹೋಗ್ತಾನೆ. ಇಲ್ಲಿ ಮುರಿದಿರೋದು ಅಳೆಯೋ ಕೋಲೇ! ಅದಕ್ಕೇ ಪಕ್ಕದವರ ಕಣ್ಣು ಬೇಕು. ಆ ಪಕ್ಕದವರು ಅಂದರೆ ನಾವೇ ಕಣ್ರೀ.

ಯಾಕೆ ನಾವು? ಗಂಡಸರಲ್ಲಿ ಇದು ಹೆಚ್ಚಾಗಿ ಶುರುವಾಗೋದು ಹದಿನೆಂಟರಿಂದ ಇಪ್ಪತ್ತೈದರ ಆಸುಪಾಸಿನಲ್ಲಿ. ಅಂದರೆ ಈ ಪತ್ರಿಕೆಯನ್ನು ಬಸ್ ಸ್ಟ್ಯಾಂಡಿನಲ್ಲಿ ಕೊಳ್ಳುವವರ ವಯಸ್ಸಿನಲ್ಲಿ. ಜೀವಮಾನದಲ್ಲಿ ಒಮ್ಮೆಯಾದರೂ ಸೈಕೋಸಿಸ್ ಅನುಭವಿಸುವವರು ನೂರಕ್ಕೆ ಸುಮಾರು ಮೂವರು ಅಂತಾರೆ. ಆರುನೂರು ಸೀಟಿನ ಥಿಯೇಟರ್ ಹೌಸ್‌ಫುಲ್ ಆದರೆ ಹದಿನೆಂಟು ಜನ! ಕೆದರಿದ ತಲೆ, ತಗಡಿನ ಡಬ್ಬ ಹುಡುಕಿದರೆ ಅವರಲ್ಲಿ ಒಬ್ಬನೂ ನಿಮಗೆ ಸಿಗಲ್ಲ. ಇನ್ನೊಂದು ಮಾತು. ಇವರಲ್ಲಿ ಬಹುಪಾಲು ಜನ ಯಾರ ಮೇಲೂ ಕೈ ಮಾಡುವವರಲ್ಲ. ಏಟು ತಿನ್ನೋದೇ ಹೆಚ್ಚು.

ಯಾಕೆ ಬರುತ್ತೆ?

ಮೆದುಳಿನಲ್ಲಿ ಡೋಪಮೈನ್ ಅಂತ ಒಂದು ರಾಸಾಯನಿಕ ಇದೆ. "ಇದು ಮುಖ್ಯ, ಇಲ್ಲಿ ಗಮನ ಕೊಡು" ಅಂತ ಮನಸ್ಸಿಗೆ ಗಂಟೆ ಬಾರಿಸೋದು ಅದರ ಒಂದು ಕೆಲಸ. ಅದರ ಲೆಕ್ಕ ತಪ್ಪಿದರೆ ಬೇಡದ್ದಕ್ಕೆಲ್ಲ ಗಂಟೆ ಬಾರಿಸುತ್ತೆ. ಪಕ್ಕದ ಮನೆಯವನ ಕೆಮ್ಮೂ ಸನ್ನೆ, ಬಸ್ಸಿನ ನಂಬರೂ ಸನ್ನೆ. ಮನೆತನದಲ್ಲಿ ಯಾರಿಗಾದರೂ ಇದ್ದರೆ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು. ನಿದ್ದೆಗೇಡು, ದೊಡ್ಡ ಪೆಟ್ಟು, ಚಿಂತೆ, ಇವು ಕಿಡಿ ಹೊತ್ತಿಸಬಹುದು. 2015ರಲ್ಲಿ ಎಂಪಿಎಂ ಕಾರ್ಖಾನೆ ನಿಂತಾಗ ಪೇಪರ್ ಟೌನಿನಲ್ಲಿ ಯಾರ ಮನೆಯಲ್ಲಿ ಚಿಂತೆ ಇರಲಿಲ್ಲ ಹೇಳಿ? ಆದರೆ ಎಲ್ಲರಿಗೂ ಈ ಕಾಯಿಲೆ ಬರಲಿಲ್ಲ. ಕಿಡಿ ಒಂದೇ ಸಾಲದು, ಒಳಗೆ ಒಣಹುಲ್ಲೂ ಇರಬೇಕು.

ಗಾಂಜಾ ವಿಷಯ ಮುಚ್ಚುಮರೆ ಇಲ್ಲದೆ ಹೇಳ್ತೀನಿ. ತುಂಗಾ ದಂಡೆ, ಭದ್ರಾ ದಂಡೆಯ ಕತ್ತಲಲ್ಲಿ ಏನು ಸೇದ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಚಿಕ್ಕ ವಯಸ್ಸಿನಲ್ಲಿ, ದಿನಾ, ಖಾರದ ಮಾಲು ಸೇದುವವರಿಗೆ ಸೈಕೋಸಿಸ್ಸಿನ ಅಪಾಯ ಹೆಚ್ಚು. ಇದು ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಕಂಡ ಸತ್ಯ. "ಏನೂ ಆಗಲ್ಲ ಮಾರಾಯ, ಗಿಡಮೂಲಿಕೆ" ಅನ್ನುವವನು ನಿಮ್ಮ ಆಸ್ಪತ್ರೆ ಬಿಲ್ಲು ಕಟ್ಟೋಕೆ ಬರಲ್ಲ.

ಇನ್ನು ಪ್ರೇಮಭಂಗ. ಪುಟ್ಟಣ್ಣನವರ 'ಮಾನಸ ಸರೋವರ'ದಲ್ಲಿ (1982) ಹುಡುಗಿಯ ಹುಚ್ಚು ಬಿಡಿಸಿದ ಡಾಕ್ಟರೇ, ಅವಳು ಸಿಗದೆ ಹುಚ್ಚನಾಗ್ತಾನೆ. ಶ್ರೀನಾಥ್ ಅಭಿನಯಕ್ಕೆ ಕೈ ಮುಗಿಯೋಣ. ಆದರೆ ಪ್ರೇಮದಲ್ಲಿ ಸೋತವರೆಲ್ಲ ಹುಚ್ಚರಾಗೋದಾದರೆ ನಮ್ಮೂರಿನಲ್ಲಿ ಬಸ್ಸು ಓಡಿಸೋಕೆ ಡ್ರೈವರೇ ಇರ್ತಿರಲಿಲ್ಲ! 'ಆಪ್ತಮಿತ್ರ'ದ (2004) ಗಂಗಾ ನಾಗವಲ್ಲಿಯಾಗೋದೂ ಇದಲ್ಲ. ಒಬ್ಬರೊಳಗೆ ಇನ್ನೊಬ್ಬರು ಬಂದು ಕೂರುವ ಆ ಕಥೆಗೆ ಡಾಕ್ಟರುಗಳ ಪುಸ್ತಕದಲ್ಲಿ ಬೇರೆ ಅಧ್ಯಾಯ ಇದೆ.

ನಮ್ಮ ಜಿಲ್ಲೆಯ ಕಥೆ

ಇದಕ್ಕೆ ಬೆಂಗಳೂರಿಗೇ ಓಡಬೇಕು ಅಂತೇನಿಲ್ಲ. ಮನೋವೈದ್ಯ ಅಂದ ಕೂಡಲೇ ಶಿವಮೊಗ್ಗದವರ ಬಾಯಲ್ಲಿ ಬರುವ ಹೆಸರು ಡಾ. ಅಶೋಕ ಪೈ. ಮಾನಸ ನರ್ಸಿಂಗ್ ಹೋಂ ಕಟ್ಟಿದವರು, 2016ರಲ್ಲಿ ತೀರಿಕೊಂಡರು. ಇವರು ಸಿನಿಮಾ ಮಂದಿಗೂ ನೆಂಟರು. ಸುರೇಶ್ ಹೆಬ್ಳೀಕರ್ ಜೊತೆ ಸೇರಿ ಮನಸ್ಸಿನ ಸಮಸ್ಯೆಗಳನ್ನೇ ತೆರೆಗೆ ತಂದರು. ಇವರಿಬ್ಬರ 'ಕಾಡಿನ ಬೆಂಕಿ'ಗೆ (1988) ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಡಾಕ್ಟರೊಬ್ಬರು ಕ್ಲಿನಿಕ್ಕಿನಲ್ಲಿ ಹೇಳಿದ್ದು ಊರಿಗೆ ಮುಟ್ಟಲ್ಲ, ಥಿಯೇಟರಿನಲ್ಲಿ ಹೇಳಿದರೆ ಮುಟ್ಟುತ್ತೆ ಅನ್ನೋದು ನಮ್ಮೂರಿನ ಈ ಡಾಕ್ಟರಿಗೆ ಗೊತ್ತಿತ್ತು.

ಇನ್ನೊಂದು ತೀರ್ಥಹಳ್ಳಿಯ ಸಂಗತಿ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 2005ರಲ್ಲಿ ಆ ತಾಲ್ಲೂಕಿನಲ್ಲಿ ಕೆಲಸ ಶುರು ಮಾಡಿದರು. ಊರೂರಿನ ಆರೋಗ್ಯ ಕಾರ್ಯಕರ್ತರ ಸಹಾಯದಿಂದ ಸ್ಕಿಜೋಫ್ರೇನಿಯಾ ಇದ್ದವರನ್ನು ಹುಡುಕಿ, ಅಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಚಿಕಿತ್ಸೆಯೇ ಇಲ್ಲದೆ ಮನೆಯ ಮೂಲೆಯಲ್ಲಿದ್ದವರೂ ಸಿಕ್ಕರು. ಕಂಡದ್ದು ಏನಪ್ಪಾ ಅಂದರೆ, ಔಷಧಿ ಶುರು ಮಾಡಿದವರು ಸುಧಾರಿಸಿದರು. ಔಷಧಿ ಇಲ್ಲದವರು ಅಷ್ಟಾಗಿ ಸುಧಾರಿಸಲಿಲ್ಲ. ಅಡಿಕೆ ತೋಟದ ನಡುವೆ, ನಮ್ಮಂಥವರ ಮನೆಗಳಲ್ಲೇ ಸಿಕ್ಕ ಲೆಕ್ಕ ಇದು.

ಚಿಕಿತ್ಸೆ: ಸಿನಿಮಾದ್ದು, ನಿಜದ್ದು

1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೋಮಜೀನ್ ಅನ್ನೋ ಔಷಧಿಯನ್ನು ಇಂಥ ರೋಗಿಗಳಿಗೆ ಕೊಟ್ಟು ನೋಡಿದರು. ಹುಚ್ಚಾಸ್ಪತ್ರೆಯ ಚರಿತ್ರೆ ಅಲ್ಲಿಂದ ತಿರುಗಿತು. ಇವತ್ತು ಅದಕ್ಕಿಂತ ಹೊಸ ಮಾತ್ರೆಗಳಿವೆ. ಪರಿಣಾಮ ಕಾಣೋಕೆ ಕೆಲವು ವಾರ ಬೇಕು. ನಿದ್ದೆ ಜಾಸ್ತಿ, ಮೈ ಬರೋದು, ಕೈ ನಡುಕ ಆಗಬಹುದು. ಆಗ ಡಾಕ್ಟರಿಗೆ ಹೇಳಿದರೆ ಮಾತ್ರೆ ಬದಲಿಸ್ತಾರೆ, ಪ್ರಮಾಣ ಇಳಿಸ್ತಾರೆ. "ಗುಣ ಆಯ್ತಲ್ಲ" ಅಂತ ತಾವೇ ನಿಲ್ಲಿಸೋದೇ ದೊಡ್ಡ ಅಪಾಯ. ಮೊದಲ ಸಲ ಬಂದವರಿಗೂ ಸಾಮಾನ್ಯವಾಗಿ ವರ್ಷ, ಎರಡು ವರ್ಷ ಮಾತ್ರೆ ಬೇಕು ಅಂತಾರೆ. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು.

ಕರೆಂಟ್ ಶಾಕ್? ಕೈಕಾಲು ಕಟ್ಟಿ, ಹೀರೋ ಕಿರುಚಿ, ಲೈಟು ಮಿಣುಕಿ ಆಗೋದೆಲ್ಲ ಸಿನಿಮಾದ್ದು. ಅಗತ್ಯ ಇದ್ದ ಕೆಲವರಿಗಷ್ಟೇ ಕೊಡ್ತಾರೆ. ಅರಿವಳಿಕೆ ಕೊಡದೆ ಶಾಕ್ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಸರಪಳಿ ಕಟ್ಟೋದನ್ನೂ ಅದೇ ಕಾಯ್ದೆ ನಿಷೇಧಿಸಿದೆ.

ಸರಪಳಿ ಅಂದೆ. 2001ರಲ್ಲಿ ಸುದೀಪ್ 'ಹುಚ್ಚ' ಬಂತು. ತಲೆ ಬೋಳಿಸಿ ಕೂಡಿಹಾಕಿದ ನಾಯಕನನ್ನು ನೋಡಿ ನಾವೆಲ್ಲ ಅತ್ತೆವು. ಅದೇ ವರ್ಷ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ಹುಚ್ಚು ಬಿಡಿಸೋಕೆ ಅಂತ ತಂದು ಬಿಟ್ಟವರನ್ನು ಇಟ್ಟಿದ್ದ ಖಾಸಗಿ ಕೊಟ್ಟಿಗೆಗೆ ಬೆಂಕಿ ಬಿತ್ತು. ಕಾಲಿಗೆ ಸರಪಳಿ ಇತ್ತು, ಓಡೋಕಾಗಲಿಲ್ಲ. 28 ಜನ ಸತ್ತರು. ದೇವಸ್ಥಾನಕ್ಕೆ, ದರ್ಗಾಕ್ಕೆ ಹೋಗಬೇಡಿ ಅಂತ ನಾನು ಹೇಳಲ್ಲ. ಕೈ ಮುಗಿದು, ಅದೇ ದಿನ ಡಾಕ್ಟರ ಹತ್ತಿರವೂ ಹೋಗಿ.

ಗೆಳೆಯರು ಏನು ಮಾಡಬೇಕು?

"ಅದೆಲ್ಲ ಸುಳ್ಳು ಕಣೋ" ಅಂತ ವಾದಕ್ಕಿಳಿಯಬೇಡಿ, ಅವನು ನಿಮ್ಮನ್ನೂ ಶತ್ರುಗಳ ಪಟ್ಟಿಗೆ ಸೇರಿಸ್ತಾನೆ. "ಹೌದು, ನನಗೂ ಕೇಳಿಸ್ತಿದೆ" ಅಂತಲೂ ಹೇಳಬೇಡಿ. "ನಿನಗೆ ಕೇಳಿಸ್ತಿದೆ, ನನಗೆ ಕೇಳಿಸ್ತಿಲ್ಲ. ಆದ್ರೆ ನಿನಗೆ ಭಯ ಆಗ್ತಿರೋದು ಗೊತ್ತಾಗುತ್ತೆ" ಅನ್ನಿ. ಹುಚ್ಚಿನ ಮಾತೆತ್ತದೆ ನಿದ್ದೆಯ ಮಾತೆತ್ತಿ. "ಎಷ್ಟು ದಿನ ಆಯ್ತು ನಿದ್ದೆ ಇಲ್ದೆ? ನಡಿ, ತೋರಿಸ್ಕೊಂಡು ಬರೋಣ." ನನ್ನ ಗೆಳೆಯ ಬಂದದ್ದು ಈ ಮಾತಿಗೇ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಬರ್ತಾರೆ ಅಂತ ವಿಚಾರಿಸಿ. ಯಾರಿಗೂ ಹೇಳಿಕೊಳ್ಳಲಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಧ್ವನಿಗಳು "ಸಾಯಿ" ಅಂತಿವೆ ಎಂದು ಅವನು ಹೇಳಿದರೆ ನಾಳೆ ನೋಡೋಣ ಅನ್ನಬೇಡಿ. ಅವನನ್ನು ಒಬ್ಬನೇ ಬಿಡದೆ ಅವತ್ತೇ ಕರೆದುಕೊಂಡು ಹೋಗಿ.

ಇಂಟರ್‌ವೆಲ್ ಆದ ಮೇಲಿನ ಕಥೆ

ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಬರೆದ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1971ರಲ್ಲಿ 'ಶರಪಂಜರ' ಮಾಡಿದರು. ಹೆರಿಗೆಯ ನಂತರ ಕಾವೇರಿಗೆ ಕಾಯಿಲೆ ಬರುತ್ತೆ, ಆಸ್ಪತ್ರೆಯಲ್ಲಿ ಗುಣವಾಗುತ್ತೆ. ಹೆಚ್ಚಿನ ಸಿನಿಮಾಗಳಲ್ಲಾದರೆ ಅಲ್ಲಿಗೆ ಶುಭಂ. ಪುಟ್ಟಣ್ಣ ನಿಜವಾದ ಕಥೆ ಶುರು ಮಾಡೋದೇ ಅಲ್ಲಿಂದ. ಗುಣವಾಗಿ ಮನೆಗೆ ಬಂದವಳನ್ನು ಎಲ್ಲರೂ ಹುಚ್ಚಿ ಅಂತಲೇ ನೋಡ್ತಾರೆ. ನಕ್ಕರೂ ಅನುಮಾನ, ಸಿಂಗರಿಸಿಕೊಂಡರೂ ಅನುಮಾನ. ಕಟ್ಟಿಕೊಂಡ ಗಂಡನೇ ದೂರ ಸರಿಯುತ್ತಾನೆ. ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಹೋಗಬೇಕಾಗುತ್ತೆ. ಕಲ್ಪನಾ ಕಣ್ಣಿನಲ್ಲಿ ಕಂಡದ್ದು ಹುಚ್ಚಲ್ಲ. "ನನ್ನನ್ನು ನಂಬಿ" ಅನ್ನೋ ಬೇಡಿಕೆ. ಡಾಕ್ಟರು ತಮ್ಮ ಕೆಲಸ ಮಾಡಿದ್ದರು. ಮನೆ, ಬೀದಿ ತಮ್ಮ ಕೆಲಸ ಮಾಡಲಿಲ್ಲ.

ನನ್ನ ಗೆಳೆಯ ಈಗ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂರ್ತಾನೆ. ರಾತ್ರಿ ಊಟವಾದ ಮೇಲೆ ಒಂದು ಮಾತ್ರೆ. ಯಾವಾಗಲಾದರೂ ಒಂದೊಂದು ಧ್ವನಿ ದೂರದಲ್ಲಿ ಕೇಳುತ್ತಂತೆ. "ಪಕ್ಕದ ಥಿಯೇಟರಿನ ಸೌಂಡ್ ಅಂದ್ಕೋತೀನಿ ಬಿಡು" ಅಂತಾನೆ. ಗಿರಾಕಿಗಳಿಗೆ ಅವನು ಸೈಕೋ ಅಲ್ಲ, ಡಿಸ್‌ಪ್ಲೇ ಚೆನ್ನಾಗಿ ಹಾಕುವ ಹುಡುಗ.

ಪತ್ರ ಬರೆದ ಭದ್ರಾವತಿಯ ಅಣ್ಣನಿಗೆ ಇಷ್ಟು ಹೇಳ್ತೀನಿ. ನಿಮ್ಮ ತಮ್ಮನಿಗೆ ಇರೋದು ಇದೇನಾ ಅಂತ ಹೇಳಬೇಕಾದವರು ಡಾಕ್ಟರು, ನಾನಲ್ಲ. ಈ ವಾರವೇ ತೋರಿಸಿ, ಜೊತೆಗೆ ನೀವೇ ಹೋಗಿ. ರೇಗಿಸುವ ಹುಡುಗರ ಕೈಗೆ ಈ ಪುಟ ಹರಿದು ಕೊಡಿ. ಮುಂದಿನ ಶುಕ್ರವಾರ ಹೊಸ ಚಿತ್ರಕ್ಕೆ ಟಿಕೆಟ್ ತೆಗೆಯುವಾಗ ಎರಡು ತೆಗೆಯಿರಿ. ಸಿನಿಮಾ ಪೂರ್ತಿ ನೋಡದೆ ಅವನು ಮಧ್ಯದಲ್ಲೇ ಎದ್ದು ಬಂದರೂ ಪರವಾಗಿಲ್ಲ, ಹೊರಗೆ ಟೀ ಅಂಗಡಿ ಇದ್ದೇ ಇರುತ್ತೆ.

ಮುಂದಿನ ವಾರ ಮತ್ತೆ ಗಾಂಧಿನಗರಕ್ಕೆ ಹೋಗೋಣ.